ಮಗಳಿಗೆ ‘ಚಂದಲಾ’ ಅಂತ ಹೆಸರಿಡಬಹುದಾ?

ಪ್ರಶ್ನೆ: ನಮಸ್ಕಾರ. ನನ್ನ ತವರು ಬಸವಕಲ್ಯಾಣ. ಗಂಡನಿಗೆ ಪುಣೆಯಲ್ಲಿ ಕೆಲಸ, ನಾವು ಇರುವುದೂ ಅಲ್ಲೇ. ಮೂರು ತಿಂಗಳ ಹಿಂದೆ ತವರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ರೇವತಿ ನಕ್ಷತ್ರ, ಮೂರನೇ ಪಾದ. ‘ಚ’ ಅಕ್ಷರದಿಂದ ಹೆಸರಿಡಿ ಎಂದರು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ರಾಣಿ ಚಂದಲದೇವಿಯ ಬಗ್ಗೆ ಹಿಂದೆ ಓದಿದ್ದೆ. ನಮ್ಮೂರಿನ ರಾಣಿ ಅಲ್ವಾ, ‘ಚಂದಲಾ’ ಅಂತ ಇಡೋಣ ಎಂದೆ. ಗಂಡನಿಗೂ ಹಿಡಿಸಿತು. ಅತ್ತೆ ಮಾತ್ರ, ‘ಅದೇನ್ ಹೆಸರವ್ವ? ನಾಳೆ ಮಂದಿ ಚಂಡಾಲ ಅಂತ ಕರೀತಾರ’ ಎಂದು ಹಟ ಹಿಡಿದಿದ್ದಾರೆ. ಅವರ ತಮ್ಮ ಇನ್ನೊಂದು ತೆಗೆದರು: ‘ಆ ರಾಣಿ ಮೇಲೆ ಕಾಶ್ಮೀರದ ರಾಜ ಕಣ್ಣು ಹಾಕಿದ್ದ, ಅಂಥ ಹೆಸರು ಮನೆಗೆ ಬೇಡ.’ ಒಂದು ಆ್ಯಪ್‌ನಲ್ಲಿ ನೋಡಿದರೆ ‘ಸಂಸ್ಕೃತ ಹೆಸರು, ಅರ್ಥ ಶ್ರೀಗಂಧದಂಥವಳು’ ಎಂದಿದೆ. ಜನಪ್ರಿಯತೆಯಲ್ಲಿ ಎಷ್ಟನೇ ಸ್ಥಾನ ಅಂತಲೂ ಕೊಟ್ಟಿದ್ದಾರೆ. ಜನನ ಪ್ರಮಾಣಪತ್ರದಲ್ಲಿ ಇನ್ನೂ ಹೆಸರು ಹಾಕಿಸಿಲ್ಲ. ಹೆಸರಿನ ನಿಜವಾದ ಮೂಲ ಏನು? ಈಗ ಯಾರಾದರೂ ಇಡುತ್ತಾರಾ? ಇಟ್ಟರೆ ಮಗುವಿಗೆ ತೊಂದರೆ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಹೆಸರಿನ ಹುಟ್ಟು ಕೆಟ್ಟದ್ದಾ, ಆ ಹೆಸರಿನ ಹಿಂದಿನ ಕಥೆ ಕೆಟ್ಟದ್ದಾ, ಕರೆಯುವವರ ಬಾಯಲ್ಲಿ ಅದು ಕೆಡುತ್ತಾ. ಮೊದಲ ಎರಡಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರನೆಯದರಲ್ಲಿ ನಿಮ್ಮ ಅತ್ತೆಯವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಆ್ಯಪ್‌ನ ಮಾತು ಮೊದಲು ಮುಗಿಸಿಬಿಡೋಣ. ಶ್ರೀಗಂಧಕ್ಕೆ ಚಂದನ ಎನ್ನುತ್ತಾರೆ. ಚಂದಲಾ ಹೆಸರಿನಲ್ಲಿ ಆ ‘ನ’ ಎಲ್ಲಿದೆ? ಚಂದನಾ ಎಂಬ ಹೆಸರಿನ ಅರ್ಥವನ್ನೇ ತಂದು ಇಲ್ಲಿಗೂ ಅಂಟಿಸಿದ್ದಾರೆ, ಅಷ್ಟೇ. ಇನ್ನು ಸ್ಥಾನಸಂಖ್ಯೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಮಕ್ಕಳ ಹೆಸರಿನ ಪಟ್ಟಿ ಹೊರಡಿಸುತ್ತದೆ. ಒಂದು ಹೆಸರನ್ನು ಆ ವರ್ಷ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟಿದ್ದರೆ ಅದು ಪಟ್ಟಿಗೆ ಸೇರುವುದಿಲ್ಲ. ನಮ್ಮಲ್ಲಿ ಸರ್ಕಾರ ಅಂಥ ಪಟ್ಟಿ ಪ್ರಕಟಿಸುವುದೇ ಇಲ್ಲ. ಎಷ್ಟು ಜನನ ನೋಂದಣಿಯಾಯಿತು ಎಂಬ ಲೆಕ್ಕ ಸಿಗುತ್ತದೆ, ಎಷ್ಟು ಮಕ್ಕಳಿಗೆ ಯಾವ ಹೆಸರು ಎಂಬುದು ಸಿಗುವುದಿಲ್ಲ. ಹಾಗಾಗಿ ಭಾರತದ ಹೆಸರುಗಳಿಗೆ ಇಂಥ ಆ್ಯಪ್‌ಗಳು ಕೊಡುವ ಸ್ಥಾನಕ್ಕೆ ಯಾವ ಆಧಾರವೂ ಇಲ್ಲ.

ಈಗ ಹೆಸರಿನ ಹುಟ್ಟು. ಶಾಸನ ಓದುವವರಿಗೆ ಈ ಬಗೆಯ ಹೆಸರು ಹೊಸದಲ್ಲ. ಹನ್ನೊಂದು, ಹನ್ನೆರಡನೇ ಶತಮಾನದ ಕನ್ನಡ ಶಾಸನಗಳಲ್ಲಿ ರಾಜಮನೆತನದ ಹೆಣ್ಣುಮಕ್ಕಳ ಹೆಸರು ನೋಡಿ: ಶಾಂತಲದೇವಿ, ಬಮ್ಮಲದೇವಿ, ರಾಜಲದೇವಿ, ಏಚಲದೇವಿ, ಪದ್ಮಲದೇವಿ, ಚಾಮಲದೇವಿ, ಕೇತಲದೇವಿ, ಮೈಲಲದೇವಿ. ಹೊಯ್ಸಳ ದೊರೆ ವಿಷ್ಣುವರ್ಧನನ ತಾಯಿ ಏಚಲದೇವಿ, ಪಟ್ಟದ ರಾಣಿ ಶಾಂತಲದೇವಿ, ಇನ್ನೊಬ್ಬ ರಾಣಿ ಬಮ್ಮಲದೇವಿ. ಅವನ ಅಣ್ಣ ಒಂದನೇ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿ, ಚಾಮಲದೇವಿ. ಒಂದೇ ಮನೆಯೊಳಗೇ ಎಷ್ಟು ‘ಲ’ ನೋಡಿ! ಎಲ್ಲದರ ಕಟ್ಟಡ ಒಂದೇ. ಮೊದಲು ಒಂದು ಸಣ್ಣ ಹೆಸರು, ಅದರ ಹಿಂದೆ ‘ಲೆ’ ಎಂಬ ಹೆಣ್ಣು ಹೆಸರಿನ ಬಾಲ, ಅರಸು ಮನೆಯವರಾದರೆ ಕೊನೆಗೆ ಗೌರವಕ್ಕೆ ‘ದೇವಿ’. ಬ್ರಹ್ಮ ಕನ್ನಡದ ಬಾಯಲ್ಲಿ ಬಮ್ಮ ಆದ, ಅವನಿಂದ ಬಮ್ಮಲೆ. ಚಂದ್ರ ಚಂದ ಆದ, ಅವನಿಂದ ಚಂದಲೆ. ಚಂದಮಾಮ, ಚಂದಿರ ಎನ್ನುವಾಗ ನಾವು ಇವತ್ತಿಗೂ ಆಡುವುದು ಇದೇ ಚಂದವನ್ನು.

‘ಚಂದ’ ಎಂದರೆ ಸೊಗಸು ಎಂಬ ಅರ್ಥವೂ ಇದೆಯಲ್ಲ ಎಂದು ಕೇಳಬಹುದು. ಇದೆ, ಕೇಳುವ ಕಿವಿಗೆ ಅದೂ ಸೇರಿಕೊಳ್ಳುತ್ತದೆ. ಆದರೆ ನಾನು ಚಂದ್ರನ ಕಡೆಗೇ ವಾಲುತ್ತೇನೆ. ಅದಕ್ಕೆ ಒಳ್ಳೆಯ ಸಾಕ್ಷಿ ಬಿಲ್ಹಣ. ಕಾಶ್ಮೀರದಿಂದ ಬಂದು ಕಲ್ಯಾಣದ ಆಸ್ಥಾನದಲ್ಲಿ ನೆಲೆ ನಿಂತ ಕವಿ. ವಿಕ್ರಮಾದಿತ್ಯನ ಮೇಲೆ ಬರೆದ ಸಂಸ್ಕೃತ ಕಾವ್ಯದಲ್ಲಿ ಅವನು ಕರಹಾಟದ ರಾಜಕುಮಾರಿಯ ಸ್ವಯಂವರವನ್ನು ವರ್ಣಿಸುತ್ತಾನೆ. ಅಲ್ಲಿ ಅವಳ ಹೆಸರು ಚಂದ್ರಲೇಖೆ. ಇವಳೇ ಶಾಸನಗಳ ಚಂದಲದೇವಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಊರಿನವರ ಬಾಯಲ್ಲಿದ್ದ ಹೆಸರಿಗೆ ಕಾವ್ಯಕ್ಕೆ ಒಪ್ಪುವ ಸಂಸ್ಕೃತದ ಉಡುಪು ತೊಡಿಸುವಾಗ ಅವನಿಗೆ ಹೊಳೆದದ್ದು ಚಂದ್ರ. ಕೊನೆಯ ‘ಲ’ವನ್ನೂ ಅವನು ಬಿಟ್ಟುಕೊಟ್ಟಿಲ್ಲ, ‘ಲೇಖೆ’ಯಲ್ಲಿ ಉಳಿಸಿಕೊಂಡಿದ್ದಾನೆ!

ಕರಹಾಟ ಎಂದರೆ ಇವತ್ತಿನ ಕರಾಡ. ಸಾತಾರಾ ಜಿಲ್ಲೆ. ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದರೆ ದಾರಿಯಲ್ಲೇ ಸಿಗುತ್ತದೆ. ಅಂದರೆ ನಿಮ್ಮ ರಾಣಿಯ ತವರು ಈಗಿನ ಮಹಾರಾಷ್ಟ್ರದಲ್ಲಿ, ಗಂಡನ ಮನೆ ಬಸವಕಲ್ಯಾಣದಲ್ಲಿ. ನಿಮ್ಮದು ಸರಿಯಾಗಿ ಅದರ ಉಲ್ಟಾ. ಶಿಲಾಹಾರ ಮನೆತನದ ಮಗಳು, ಸಂಗೀತ ಮತ್ತು ನೃತ್ಯದಲ್ಲಿ ಪಳಗಿದವಳು. 1076ರಿಂದ 1126ರವರೆಗೆ ಆಳಿದ ಚಕ್ರವರ್ತಿಯ ರಾಣಿ. ಅಂಥ ಅರಮನೆಯಲ್ಲಿ ಮಗಳಿಗೆ ಬೈಗುಳದ ಹೆಸರು ಯಾರು ಇಡುತ್ತಾರೆ?

ಈ ಹೆಸರಿನ ಬೇರು ಅರಮನೆಯಲ್ಲಷ್ಟೇ ಇರಲಿಲ್ಲ ಎಂಬುದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ಅವರಿಗೆ ನುಲಿಯ ಚಂದಯ್ಯ ಗೊತ್ತಿರುತ್ತಾರೆ. ಹುಲ್ಲಿನ ಹಗ್ಗ ಹೊಸೆದು ಕಾಯಕ ಮಾಡಿದ ಶರಣ. ಅವರ ಹೆಸರಿನ ಚಂದವೂ ಇದೇ ಚಂದ. ನಿಮ್ಮ ಕಡೆಯ ಹಳ್ಳಿಗಳಲ್ಲಿ ಈಗಲೂ ಚಂದವ್ವ ಇದ್ದಾರೆ, ಚಂದಮ್ಮ ಇದ್ದಾರೆ. ಚಂದವ್ವ ಎಂದಾಗ ಯಾರ ಕಿವಿಗೂ ಬೈಗುಳ ಕೇಳುವುದಿಲ್ಲ. ಬೇರು ಅದೇ. ಬಾಲ ಮಾತ್ರ ಬೇರೆ, ಅಪರೂಪವಾಗಿರುವುದು ಆ ಬಾಲ.

ಕಾಶ್ಮೀರದ ರಾಜನ ಕಥೆಗೆ ಬರೋಣ. ನಿಮ್ಮ ಅತ್ತೆಯ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಕಾಶ್ಮೀರದ ಕವಿ ಕಲ್ಹಣ ಹನ್ನೆರಡನೇ ಶತಮಾನದ ನಡುವಿನಲ್ಲಿ ಅಲ್ಲಿನ ಅರಸರ ಚರಿತ್ರೆಯಾಗಿ ಬರೆದ ರಾಜತರಂಗಿಣಿಯ ಏಳನೇ ತರಂಗದಲ್ಲಿ, ಅಂದರೆ ಅಧ್ಯಾಯದಲ್ಲಿ, ಇದು ಬರುತ್ತದೆ. 1089ರಿಂದ 1101ರವರೆಗೆ ಕಾಶ್ಮೀರ ಆಳಿದ ಹರ್ಷ, ಕರ್ಣಾಟದ ದೊರೆ ಪರ್ಮಾಂಡಿಯ ಹೆಂಡತಿ ಚಂದಲೆಯ ಒಂದು ಚಿತ್ರ ನೋಡಿದ. ಪರ್ಮಾಂಡಿ ಎಂದರೆ ನಮ್ಮ ವಿಕ್ರಮಾದಿತ್ಯನೇ, ಪೆರ್ಮಾಡಿ ಎಂಬ ಅವನ ಹೆಸರು ಅಲ್ಲಿ ಹಾಗಾಗಿದೆ. ಚಿತ್ರ ನೋಡಿ ಮರುಳಾದ ಹರ್ಷ, ಪರ್ಮಾಂಡಿಯನ್ನು ಸೋಲಿಸಿ ಚಂದಲೆಯನ್ನು ಪಡೆಯುತ್ತೇನೆ ಎಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದ. ಸುತ್ತಲಿದ್ದ ಹೊಗಳುಭಟರು ಇನ್ನಷ್ಟು ಉಬ್ಬಿಸಿದರು. ಚಿತ್ರದ ರಾಣಿಗೆ ಬಟ್ಟೆ ಬೇಕು, ಒಡವೆ ಬೇಕು ಎಂದು ಹೇಳಿ ರಾಜನಿಂದ ದುಡ್ಡು ಕೀಳುವವರೂ ಹುಟ್ಟಿಕೊಂಡರು. ಚಿತ್ರಕ್ಕೆ ಸೀರೆಯ ಖರ್ಚು! ಕಲ್ಹಣ ಇದನ್ನು ಬರೆಯುವುದು ಹರ್ಷನ ಹುಚ್ಚಾಟಕ್ಕೆ ಉದಾಹರಣೆಯಾಗಿ. ನಗೆಪಾಟಲಾದವನು ಹರ್ಷ. ಹರ್ಷ ಕರ್ಣಾಟದ ಕಡೆಗೆ ಹೊರಡಲೂ ಇಲ್ಲ. ಚಂದಲೆಗೆ ಈ ವಿಷಯ ತಲುಪಿತ್ತು ಎಂದು ಎಲ್ಲೂ ಇಲ್ಲ.

ನನಗೆ ಈ ಕಥೆಯಲ್ಲಿ ಬೇರೆಯದೇ ಮುಖ್ಯ. ಬಿಲ್ಹಣ ಸಂಸ್ಕೃತ ಮಾಡಿ ಬರೆದ ಹೆಸರು ಕಾವ್ಯದಲ್ಲಿ ಉಳಿಯಿತು. ಆದರೆ ಸಾವಿರ ಮೈಲಿ ದೂರದಲ್ಲಿ ಕೂತಿದ್ದ ಕಲ್ಹಣ ಬಳಸಿದ್ದು ಚಂದ್ರಲೇಖೆಯನ್ನಲ್ಲ, ಚಂದಲಾ ಎಂಬ ರೂಪವನ್ನು. ಅಂದರೆ ಜನ ಕರೆಯುತ್ತಿದ್ದ ಹೆಸರೇ ಕಾಶ್ಮೀರದವರೆಗೆ ನಡೆದುಕೊಂಡು ಹೋಗಿತ್ತು. ಅದೇ ಹರ್ಷ ಕರ್ಣಾಟದ ಮಾದರಿಯಲ್ಲಿ ನಾಣ್ಯ ಹೊರಡಿಸಿದ, ದಕ್ಷಿಣದ ಶೈಲಿ ಅವನಿಗೆ ಇಷ್ಟ ಎಂದೂ ಕಲ್ಹಣ ಹೇಳುತ್ತಾನೆ. ಆ ಕಾಲಕ್ಕೆ ಕಲ್ಯಾಣದ್ದು ಎಂದರೆ ಅಲ್ಲಿ ಫ್ಯಾಷನ್. ಕನ್ನಡದ ಹೆಣ್ಣು ಹೆಸರೊಂದಕ್ಕೆ ಇಷ್ಟು ದೂರದ ದಾಖಲೆ ಇರುವುದು ಬಲು ಅಪರೂಪ. ಕಳಂಕ ಎನ್ನುವವರಿಗೆ ಇದನ್ನು ಹೇಳಿ.

ಹಾಗಿದ್ದರೆ ಶಾಂತಲಾ ಮನೆಮನೆಗೆ ಬಂದಳು, ಚಂದಲಾ ಏಕೆ ಬರಲಿಲ್ಲ? ಬೇಲೂರು ದೊಡ್ಡ ಕಾರಣ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯಕ್ಕೆ ಶಾಲಾ ಪ್ರವಾಸ ಹೋಗದ ಮಕ್ಕಳು ನಮ್ಮಲ್ಲಿ ಕಡಿಮೆ. ಅಲ್ಲಿ ಗೈಡ್ ಶಾಂತಲೆಯ ಹೆಸರು ಹೇಳದೆ ಇರುವುದಿಲ್ಲ. ಕಾದಂಬರಿ ಬಂತು, ನಾಟಕ ಬಂತು, ನೃತ್ಯರೂಪಕ ಬಂತು. ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿ ನಿಂತಿದೆ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎನ್ನುವ ಶಾಸನವಿದೆ. ಹೆಸರಿಗೆ ಒಂದು ಜಾಗ, ಒಂದು ಕಥೆ, ಒಂದು ಕೊನೆ ಎಲ್ಲವೂ ಸಿಕ್ಕಿತು. ಚಾಲುಕ್ಯರ ಕಾಲದ ಗುಡಿಗಳೇನು ಕಡಿಮೆಯಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಕರೆದಿದೆ. ಆದರೆ ಅದನ್ನು 1112ರಲ್ಲಿ ಕಟ್ಟಿಸಿದ್ದು ಮಹಾದೇವ ಎಂಬ ದಂಡನಾಯಕ. ಅಲ್ಲಿ ನಿಂತಾಗ ರಾಣಿಯ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಪಠ್ಯಪುಸ್ತಕದಲ್ಲಿ ವಿಕ್ರಮಾದಿತ್ಯ, ಬಿಲ್ಹಣ, ವಿಜ್ಞಾನೇಶ್ವರ ಇವರೇ ಜಾಗ ತುಂಬುತ್ತಾರೆ. ಪುಟದಲ್ಲಿ ಇಲ್ಲದ ಹೆಸರು ತೊಟ್ಟಿಲಿಗೆ ಬರುವುದು ಕಷ್ಟ. ಹೆಸರು ಕೇಳಿಕೊಂಡು ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರಲ್ಲಿ ಶಾಂತಲಾ ಬೇಕು ಎನ್ನುವವರು ಇರುತ್ತಾರೆ, ಅಪರೂಪಕ್ಕೆ ಬಮ್ಮಲಾ ಎನ್ನುವವರೂ ಇರುತ್ತಾರೆ. ಚಂದಲಾ ಎಂದವರು ನೀವೇ ಮೊದಲು ಎಂದರೆ ತಪ್ಪಾಗಲಾರದು.

ಇನ್ನು ಅತ್ತೆಯವರ ಮಾತು. ಅವರ ಕಿವಿ ಹಿಡಿದಿರುವ ಅಪಾಯ ನಿಜವಾದದ್ದು. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ. ಚಂದಲಾ ಹೆಸರಿನಲ್ಲಿ ಇರುವುದು ನಾಲಿಗೆ ಹಲ್ಲಿಗೆ ತಾಗುವ ‘ದ’, ಅದೂ ಗಿಡ್ಡ. ಆ ಇನ್ನೊಂದು ಪದದಲ್ಲಿ ‘ಡಾ’, ಅದೂ ಉದ್ದ. ಎರಡಕ್ಕೂ ನಂಟಿಲ್ಲ. ತೊಂದರೆ ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್‌ಗೆ ದ, ಡ ಎರಡಕ್ಕೂ ಡಿ ಒಂದೇ. ಅ, ಆ ಎರಡಕ್ಕೂ ಎ ಒಂದೇ. ಹಾಗಾಗಿ ಎರಡು ಪದಗಳೂ ಒಂದಕ್ಷರವೂ ಆಚೀಚೆ ಆಗದೆ ಒಂದೇ ಸ್ಪೆಲಿಂಗ್ ಆಗಿಬಿಡುತ್ತವೆ. ಮಗಳ ಹೆಸರನ್ನು ಮೊದಲ ಸಲ ನೋಡುವವರು ಹೆಚ್ಚಿನವರು ಅದನ್ನು ನೋಡುವುದು ಇಂಗ್ಲಿಷ್‌ನಲ್ಲೇ: ಹಾಜರಿ ಪುಸ್ತಕ, ಹಾಲ್ ಟಿಕೆಟ್, ರೈಲ್ವೆ ಚಾರ್ಟ್. ನೀವಿರುವುದು ಪುಣೆ. ಮರಾಠಿಯಲ್ಲಿ ‘ಚಾಂಡಾಳ’ ದಿನಬಳಕೆಯ ಬೈಗುಳ. ಚಂದಲದೇವಿಯ ಹೆಸರು ಅಲ್ಲಿನ ಟೀಚರಿಗೆ ಗೊತ್ತಿರುವ ಸಾಧ್ಯತೆ ಕಡಿಮೆ, ಬೈಗುಳ ಮಾತ್ರ ಎಲ್ಲರಿಗೂ ಗೊತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಪದ ಕೀಳು ಎಂದು ನಾವು ಮೂಗು ಮುರಿಯುವುದೂ ಸರಿಯಲ್ಲ. ಜನರನ್ನು ಊರಾಚೆ ಇಡಲು ಬಳಸಿದ ಪದ ಅದು. ಕೆಲವು ರಾಜ್ಯಗಳ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇವತ್ತಿಗೂ ಆ ಹೆಸರಿನ ಸಮುದಾಯವಿದೆ. ಬೈಗುಳ ಮಾಡಿದವರದ್ದು ತಪ್ಪು, ಬೈಸಿಕೊಂಡವರದ್ದಲ್ಲ. ಆದರೆ ತರಗತಿಯಲ್ಲಿ ಯಾರೋ ಅದನ್ನು ಕೂಗಿ ನಕ್ಕಾಗ ನಿಮ್ಮ ಮಗುವಿಗೂ ನೋವು, ಪಕ್ಕದ ಬೆಂಚಿನಲ್ಲಿ ಕೂತ ಇನ್ನೊಂದು ಮಗುವಿಗೆ ಇನ್ನೂ ಹೆಚ್ಚು ನೋವು ಆಗಬಹುದು. ಅತ್ತೆಯವರ ಜೊತೆ ಮಾತಾಡುವಾಗ ಇದನ್ನು ಬಿಡಿಸಿ ಹೇಳಿ. ‘ಹೆಸರು ಕೆಟ್ಟದ್ದು’ ಎಂಬ ವಾದಕ್ಕೆ ಹುರುಳಿಲ್ಲ, ‘ಆಡಿಕೊಳ್ಳುತ್ತಾರೆ’ ಎಂಬ ಆತಂಕಕ್ಕೆ ಇದೆ.

ಹಾಗಾದರೆ ಏನು ಮಾಡಬಹುದು? ಚಂದಲಾ ಎಂದೇ ಇಡುತ್ತೀರಾದರೆ, ಇಂಗ್ಲಿಷ್‌ನಲ್ಲಿ ಡಿ ಪಕ್ಕ ಒಂದು ಎಚ್ ಸೇರಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಆಗ ‘ಡ’ ಎಂದು ಓದುವುದು ಕಡಿಮೆಯಾಗುತ್ತದೆ ನಿಜ. ಆದರೆ ‘ಚಂಧಲಾ’ ಎಂದು ಓದುವವರು ಹುಟ್ಟಿಕೊಳ್ಳುತ್ತಾರೆ. ಎಚ್ ಬಿಟ್ಟು ಬರೆಯುವ ಗುಮಾಸ್ತರೂ ಇರುತ್ತಾರೆ. ಒಂದು ದಾಖಲೆಯಲ್ಲಿ ಎಚ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮುಂದೆ ತಿದ್ದುಪಡಿಗೆ ಓಡಾಡಿ ಸುಸ್ತಾಗುತ್ತೀರಿ. ಸಂಖ್ಯಾಶಾಸ್ತ್ರದವರು ಇನ್ನೊಂದು ಎ ಸೇರಿಸಿ ಎಂದರೆ ಮಾತ್ರ ದಯವಿಟ್ಟು ಕೇಳಬೇಡಿ. ‘ಲ’ ಮುಂಚಿನ ಎ ಎರಡಾದರೆ ಅದು ಸರಿಯಾಗಿ ಆ ಪದವೇ ಆಗುತ್ತದೆ.

‘ಚಂದಲದೇವಿ’ ಎಂದು ಪೂರ್ತಿ ಇಡಬಹುದು. ಶಾಸನದಲ್ಲಿ ಇರುವುದೂ ಹಾಗೇ. ‘ದೇವಿ’ ಬಂದ ಕೂಡಲೇ ಓದುವವರಿಗೆ ಇದು ಹೆಣ್ಣು ಹೆಸರು, ಹಳೆಯ ಹೆಸರು ಎಂದು ಹೊಳೆಯುತ್ತದೆ. ಅಪಾಯ ಇರುವುದು ಎರಡು ಪದ ಮಾಡಿ ಬರೆದಾಗ. ಪಾಸ್‌ಪೋರ್ಟ್ ಅರ್ಜಿಯಂಥ ಕಡೆ ಹೆಸರಿಗೊಂದು, ಸರ್‌ನೇಮ್‌ಗೊಂದು ಖಾನೆ ಇರುತ್ತದೆ. ನಡುವೆ ಜಾಗ ಬಿಟ್ಟಿದ್ದರೆ ‘ದೇವಿ’ ಸರ್‌ನೇಮ್ ಖಾನೆಗೆ ಹೋಗಿ ಕೂರುತ್ತದೆ, ಮೊದಲ ಖಾನೆಯಲ್ಲಿ ಯಾವುದು ಒಂಟಿಯಾಗಿ ಉಳಿಯಬಾರದಿತ್ತೋ ಅದೇ ಉಳಿಯುತ್ತದೆ. ಒಂದೇ ಪದವಾಗಿ ಬರೆಸಬೇಕು.

‘ಚಂದಲೆ’ ಎಂಬುದು ನನಗೆ ಕಿವಿಗೆ ಹಿತ. ಕನ್ನಡದ ಜಾಯಮಾನವೇ ಹಾಗೆ, ಸೀತಾ ಸೀತೆಯಾಗುತ್ತಾಳೆ, ಶಾಲಾ ಶಾಲೆಯಾಗುತ್ತದೆ. ಕೊನೆಯಲ್ಲಿ ‘ಆ’ ಎಳೆಯುವುದು ಇತ್ತೀಚಿನ ಹೆಸರುಗಳ ರೂಢಿ. ಆದರೆ ಕನ್ನಡ ಬಾರದವರು ಇಂಗ್ಲಿಷ್‌ನಲ್ಲಿ ಕೊನೆಯ ಇ ನೋಡಿ ‘ಚಂಡೇಲ್’ ಎನ್ನುತ್ತಾರೆ. ಪುಣೆಯಲ್ಲಿ ಇದನ್ನು ಕಾಗದಕ್ಕೆ ಹಾಕಬೇಡಿ, ಮನೆಯಲ್ಲಿ ಕರೆಯಿರಿ.

ಇನ್ನೊಂದು ದಾರಿ ಚಂದ್ರಲೇಖಾ. ಅದೇ ರಾಣಿ, ಅದೇ ‘ಚ’. ಇಂಗ್ಲಿಷ್, ಮರಾಠಿ, ಹಿಂದಿ ಯಾವುದರಲ್ಲೂ ತಪ್ಪು ಓದಲು ಆಸ್ಪದವಿಲ್ಲ. ಅಪರೂಪ ಎನ್ನುವ ಮೆರುಗು ಸ್ವಲ್ಪ ಹೋಗುತ್ತದೆ, ಹಳೆಯ ತಲೆಮಾರಿನ ಹೆಸರು ಎನ್ನಿಸಬಹುದು. ಅದೇ ಗುಂಪಿನ ಇನ್ನೊಂದು ಬೇಕೆಂದರೆ ಚಾಮಲಾ ಇದೆ. ‘ಚ’ ಬಿಡಲು ಒಪ್ಪಿದರೆ ಬಮ್ಮಲಾ, ರಾಜಲಾ ಇದ್ದಾರೆ. ಏಚಲಾ ಚೆನ್ನಾಗಿದೆ ಅನ್ನಿಸಿದರೆ ಒಮ್ಮೆ ಜೋರಾಗಿ ಕರೆದು ನೋಡಿ. ಈಚಲು ಮರ ನೆನಪಾಗಿ ಅತ್ತೆಯವರು ಮತ್ತೆ ಜಗಳಕ್ಕೆ ಬಂದರೆ ನನ್ನನ್ನು ದೂರಬೇಡಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ನೀವು ಬಸವಕಲ್ಯಾಣದಲ್ಲೋ ಧಾರವಾಡದಲ್ಲೋ ಇದ್ದಿದ್ದರೆ ಚಂದಲಾ ಎಂದೇ ಇಡಿ ಎನ್ನುತ್ತಿದ್ದೆ. ಸುತ್ತಲಿನವರಿಗೆ ಒಂದೆರಡು ಸಲ ತಿದ್ದಿ ಹೇಳಿದರೆ ಸಾಕಾಗುತ್ತಿತ್ತು. ಮಗು ಬೆಳೆಯುವುದು ಪುಣೆಯಲ್ಲಾದ್ದರಿಂದ ಕಾಗದದಲ್ಲಿ ಚಂದ್ರಲೇಖಾ, ಮನೆಯಲ್ಲಿ ಚಂದಲೆ ಎಂದಿಡುವುದು ನನಗೆ ಸರಿ ಕಾಣುತ್ತದೆ. ಬಿಲ್ಹಣನ ಕಾಲದಲ್ಲೂ ಆ ಹೆಣ್ಣುಮಗಳಿಗೆ ಹೀಗೆ ಎರಡೆರಡು ಹೆಸರು ಇದ್ದವು. ಇಲ್ಲ, ಚಂದಲಾ ಎಂದೇ ಬೇಕು, ತಿದ್ದುತ್ತಾ ಇರುತ್ತೇವೆ ಎಂಬ ಗಟ್ಟಿತನ ನಿಮಗಿಬ್ಬರಿಗೂ ಇದ್ದರೆ ಒಂದೇ ಪದದ ಚಂದಲದೇವಿ ಇಡಿ. ಒಬ್ಬರಿಗಷ್ಟೇ ಆ ಹುಮ್ಮಸ್ಸು ಇದ್ದರೆ ಬೇಡ.

ಅವಸರ ಮಾಡಬೇಡಿ, ಸಮಯವಿದೆ. ಜನನವನ್ನು 21 ದಿನದೊಳಗೆ ತಿಳಿಸಿರಬೇಕು, ಆದರೆ ಹೆಸರಿನ ಖಾನೆ ಖಾಲಿ ಬಿಟ್ಟೂ ನೋಂದಣಿ ಆಗುತ್ತದೆ. ನಿಮ್ಮದು ಹಾಗೇ ಆಗಿದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ. ಹಾಗಾಗಿ ಬಸವಕಲ್ಯಾಣಕ್ಕೇ ಬರಬೇಕು, ಪುಣೆಯಲ್ಲಿ ಆಗುವುದಿಲ್ಲ. ಒಮ್ಮೆ ಹೆಸರು ದಾಖಲಾಯಿತೆಂದರೆ ಅಕ್ಷರ ತಪ್ಪಿದ್ದನ್ನು ತಿದ್ದಿಸಬಹುದು. ಹೆಸರನ್ನೇ ಬದಲಿಸುವುದು ಅಷ್ಟು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಏನಿರುತ್ತದೋ ಅದೇ ಎಲ್ಲ ಕಡೆ ಬರುತ್ತದೆ.

ಕೊನೆಯದಾಗಿ ಆಧಾರ್ ಕಾರ್ಡಿನ ವಿಷಯ, ಬಹಳ ಜನ ಗಮನಿಸುವುದಿಲ್ಲ. ಕಾರ್ಡಿನಲ್ಲಿ ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯಲ್ಲೂ ಹೆಸರು ಅಚ್ಚಾಗುತ್ತದೆ. ಪುಣೆಯಲ್ಲಿ ಮಾಡಿಸಿದರೆ ಮರಾಠಿ. ಆಪರೇಟರ್ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ತಾನೇ ಇನ್ನೊಂದು ಲಿಪಿಗೆ ತಿರುಗಿಸುತ್ತದೆ, ಅದಕ್ಕೆ ದ ಮತ್ತು ಡ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀವು ಚಂದಲದೇವಿ ಎಂದಿಟ್ಟಿದ್ದರೆ ಅಲ್ಲೇ ‘ಡ’ ಬಂದು ಕೂರಬಹುದು. ಹೋಗುವಾಗ ಹೆಸರನ್ನು ದೇವನಾಗರಿಯಲ್ಲಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ತೋರಿಸಿದಾಗ ಜನ್ಮದಿನ, ವಿಳಾಸಕ್ಕಿಂತ ಮೊದಲು ಆ ಒಂದು ಅಕ್ಷರ ನೋಡಿ. ತಪ್ಪಿದ್ದರೆ ಒಪ್ಪಿಗೆ ಕೊಡುವ ಮುಂಚೆಯೇ ತಿದ್ದಿಸಿ.